ಒಂದು ಪಾಠ ಮುಂದಿದ್ದ ಅಕ್ಕೋರು

ಚಹಾ ಕಪ್ಪಿನ ಬಾಯಿ ದುಂಡಗೆ ಕಾಣುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಲೆಕ್ಕವಿಲ್ಲದಷ್ಟು ಚಹಾ ಕುಡಿದು, ಕಪ್ಪಿನ ವಿಷಯದಲ್ಲಾದರೂ ನನಗೆ ತಿಳಿಯದ್ದು ಏನೂ ಉಳಿದಿಲ್ಲ ಎಂದುಕೊಂಡಿದ್ದೆ. ಬೇರೆ ಯಾವ ವಿಷಯದಲ್ಲೂ ನನಗೆ ಅಷ್ಟು ಧೈರ್ಯ ಇದ್ದದ್ದಿಲ್ಲ.

ಇದನ್ನು ತಿಳಿಸಿಕೊಟ್ಟವರು ವಾಸ್ಕೋದ ನಮ್ಮ ಕಾಲನಿಯ ಹಿಂದಿನ ಬಿಲ್ಡಿಂಗಿನಲ್ಲಿ, ನೆಲಮಹಡಿಯ ಮನೆಯಲ್ಲಿ ಒಬ್ಬರೇ ಇದ್ದ ಹೆಣ್ಣುಮಗಳು. ನಾವೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ಧಾರವಾಡದ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಹಾಗೆ ಕರೆಯುವುದು ರೂಢಿ. ಇವರು ಮಾತ್ರ ಯಾವ ಸಾಲಿಯಲ್ಲೂ ಕಲಿಸಿದವರಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ, ಮಂದಿಯ ಮಾತನ್ನು ಮಂದಿಗೆ ಜೋಡಿಸುತ್ತ ಅರ್ಧ ಆಯುಷ್ಯ ಕಳೆದು, ಇನ್ನೂ ಸರ್ವಿಸ್ ಉಳಿದಿರುವಾಗಲೇ ಕೆಲಸ ಬಿಟ್ಟು, ಐವತ್ತೈದು ದಾಟಿದ ಮೇಲೆ ಚಿತ್ರ ಕಲಿಯಲು ಕೂತವರು.

ಅವರು ಗೋವಾ ಬಿಟ್ಟು ಕೆಲವು ವರ್ಷಗಳಾದವು. ಮೊನ್ನೆ ಪರಿಚಯದವರ ಮನೆಯಲ್ಲಿ ಚಹಾ ಕೊಟ್ಟಾಗ ಕಪ್ಪನ್ನು ಕಣ್ಣಿನ ಮಟ್ಟಕ್ಕೆ ಎತ್ತಿದೆ, ನಿಧಾನಕ್ಕೆ ಇಳಿಸಿದೆ, ಮತ್ತೆ ಎತ್ತಿದೆ. ಆ ಮನೆಯಾಕೆ, "ಏನರೆ ಬಿದ್ದದೇನ್ರಿ ಒಳಗ?" ಎಂದು ಗಾಬರಿಯಾದಳು. ನಿಂತು ವಿವರಿಸುವುದಕ್ಕಿಂತ ಮನೆಗೆ ಬಂದು ಬರೆದುಬಿಡುವುದು ಸುಲಭ ಅನ್ನಿಸಿತು.

ನಾನು ಅವರ ಹತ್ತಿರ ಹೋದದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ, ರಕ್ತದೊತ್ತಡದಿಂದ. ಬಂದರಿನ ಪಕ್ಕದ ಒಂದು ಶಿಪ್ಪಿಂಗ್ ಕಚೇರಿಯಲ್ಲಿ ನಾನು ಲೆಕ್ಕ ನೋಡುವವ. ಹಡಗು ತಡವಾದರೆ ನನಗೆ ಚಿಂತೆ. ಹೊತ್ತಿಗೆ ಸರಿಯಾಗಿ ಬಂದರೆ, ಎಲ್ಲೋ ಏನೋ ಬಿಟ್ಟುಹೋಗಿರಬೇಕೆಂದು ಇನ್ನೂ ಚಿಂತೆ. ಡಾಕ್ಟರು "ಒಂದು ಹವ್ಯಾಸ ಹಚ್ಚಿಕೊಳ್ಳಿ" ಎಂದರು. ಯಾವುದು ಎಂದು ಹೇಳಲಿಲ್ಲ. ಹವ್ಯಾಸದ ಚಿಂತೆ ಒಂದು ವಾರ ನಡೆಯಿತು. ಕೊನೆಗೆ ನನ್ನ ಹೆಂಡತಿಯೇ, "ಹಿಂದಿನ ಬಿಲ್ಡಿಂಗಿನ್ಯಾಗ ಐತವಾರ ಚಿತ್ರ ಕಲಸ್ತಾರಂತ, ಹೋಗ್ರಿ. ಎರಡು ತಾಸು ನನಗೂ ಆರಾಮ ಸಿಗ್ತದ" ಎಂದು ಪೆನ್ಸಿಲು ತಂದುಕೊಟ್ಟಳು. ಅದರ ಮೊನೆ ಗಟ್ಟಿಯದೋ, ಮೆತ್ತಗಿನದು ಬೇಕಿತ್ತೋ ಎಂದು ಮೆಟ್ಟಿಲು ಇಳಿಯುವವರೆಗೂ ಯೋಚಿಸಿದೆ.

ಮೊದಲ ದಿನ ಚಾಪೆ ಹಾಸಿ, ನಡುವೆ ಒಂದು ಸ್ಟೂಲಿನ ಮೇಲೆ ಹಿಡಿಕೆ ಮುರಿದ ಪಿಂಗಾಣಿ ಕಪ್ಪು ಇಟ್ಟಿದ್ದರು. ಸುತ್ತ ನಾವು ಮೂವರು. ನಾನು, ನಮ್ಮದೇ ಕಾಲನಿಯ ಬೆಳಗಾವಿಯ ಸಾವಿತ್ರಕ್ಕ, ಬಂದರಿನಲ್ಲಿ ಚೀಲ ಹೊರುವ ಹಣಮಂತ. ಹಿಂದಿನ ವರ್ಷ ಕಡಲ ದಂಡೆಯ ಬಾಯ್ನಾ ಬಸ್ತಿಯ ಮನೆಗಳನ್ನು ಸರಕಾರ ಕೆಡವಿದಾಗ ಹಣಮಂತನ ಮನೆಯೂ ಹೋಗಿ, ಅವನು ಝುವಾರಿನಗರದಿಂದ ಬಸ್ಸು ಹತ್ತಿ ಬರುತ್ತಿದ್ದ. ಅವನ ಕೈಯಲ್ಲಿ ಪೆನ್ಸಿಲಿನ ಮೊನೆ ಒಂದು ಗೆರೆಗಿಂತ ಹೆಚ್ಚು ಬದುಕುತ್ತಿರಲಿಲ್ಲ. "ಚೀಲ ಅಲ್ಲೋ ತಮ್ಮಾ ಅದು," ಎನ್ನುತ್ತಿದ್ದರು ಅಕ್ಕೋರು, "ಎಲ್ಲಿಗೂ ಓಡಿ ಹೋಗಂಗಿಲ್ಲ. ಹಗೂರ ಹಿಡಿ."

ನಾನು ಸ್ಕೇಲು ತೆಗೆದು ಮೊದಲು ಹಾಳೆಗೆ ಮಾರ್ಜಿನ್ ಎಳೆದೆ. ಕಚೇರಿಯ ಚಾಳಿ. ಆಮೇಲೆ ಕಪ್ಪು ಬರೆದೆ: ಮೇಲೆ ಹುಣ್ಣಿಮೆಯ ಹಾಗೆ ದುಂಡನೆಯ ಬಾಯಿ, ಕೆಳಗೆ ಕತ್ತರಿಸಿಟ್ಟ ಹಾಗೆ ಸಪಾಟು ತಳ. ಅಕ್ಕೋರು ನನ್ನ ಹಿಂದೆ ಬಂದು ನಿಂತು ಬಹಳ ಹೊತ್ತು ನೋಡಿದರು.

"ದೇಸಾಯರ, ಈ ಕಪ್ಪಿನ್ಯಾಗ ಚಾ ಹಾಕಿದ್ರ ನಿಮ್ಮ ಮಾರಿ ಮ್ಯಾಲೆ ಚೆಲ್ಲತೈತ್ರಿ."

"ಬಾಯಿ ದುಂಡಗೇ ಅದಲ್ರಿ?"

"ಅದು ನಿಮಗ ಗೊತ್ತೈತಿ. ಗೊತ್ತಿರೋದು ಬ್ಯಾಡ, ಕಾಣಾಕತ್ತದ್ದು ಹೇಳ್ರಿ. ನೀವು ಎಲ್ಲಿ ಕುಂತೀರಿ? ಅಲ್ಲಿಂದ ಹೆಂಗ ಕಾಣತೈತಿ?"

ಒಂದು ಕಣ್ಣು ಮುಚ್ಚಿ ನೋಡಿದೆ. ಯಾರೋ ಮೇಲಿನಿಂದ ಒತ್ತಿ ಹಿಡಿದ ಬಳೆಯ ಹಾಗೆ ಕಪ್ಪಿನ ಬಾಯಿ ಚಪ್ಪಟೆಯಾಗಿತ್ತು. ಇಷ್ಟು ವರ್ಷ ಅದು ಹಾಗೇ ಇದ್ದಿರಬೇಕು, ನನಗೆ ಯಾರೂ ಹೇಳಿರಲಿಲ್ಲ.

"ಗೊತ್ತಿರೋದು ಕಣ್ಣಿಗೆ ಅಡ್ಡ ಬರತೈತ್ರಿ," ಎಂದರು ಅಕ್ಕೋರು. "ನನಗೂ ಮೊನ್ನೆ ಬೇಸ್ತವಾರನ ಗೊತ್ತಾತು."

ಅದು ಹೇಗೆಂದರೆ, ಪ್ರತಿ ಬೇಸ್ತವಾರ ಅವರು ಬಸ್ಸು ಹಿಡಿದು ಮಡಗಾಂವಕ್ಕೆ ಹೋಗಿ, ಅಲ್ಲಿ ಒಬ್ಬ ಮುದುಕರಾದ ಚಿತ್ರಕಾರರ ಹತ್ತಿರ ಪಾಠ ಹೇಳಿಸಿಕೊಳ್ಳುತ್ತಿದ್ದರು. ಆ ಮುದುಕರು ಕೊಂಕಣಿಯಲ್ಲಿ ಹೇಳಿದ್ದನ್ನು ಐತವಾರ ನಮಗೆ ಕನ್ನಡದಲ್ಲಿ ಹೇಳುವುದು. ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. "ನಾ ನಿಮಗಿಂತ ಒಂದ ಪಾಠ ಮುಂದ ಅದೀನ್ರಿ, ಅಷ್ಟ," ಎಂದು ಮೊದಲ ದಿನವೇ ಹೇಳಿದ್ದರು. ನಾನು ಫೀಸಿನ ಮಾತೆತ್ತಿದರೆ, "ನಿಮಗ ಹೇಳಿದ್ರ ನನಗ ನೆನಪುಳೀತೈತಿ, ಅದ ಫೀಸು" ಎಂದರು. ಒಂದು ಸಲ ಮಡಗಾಂವದ ಮುದುಕರಿಗೆ ಜ್ವರ ಬಂದು ಪಾಠ ಆಗಲಿಲ್ಲ. ಆ ಐತವಾರ ಅಕ್ಕೋರು ನಮ್ಮೆದುರು ಕೈ ಕಟ್ಟಿ ಕೂತು, "ಈ ವಾರ ನನಗೂ ಏನೂ ಗೊತ್ತಿಲ್ರಿ. ಹಿಂದಿನ ಕಪ್ಪನ್ನ ಮತ್ತೊಮ್ಮೆ ತಗಿಯೂಣು" ಎಂದರು. ತಮಗೆ ಗೊತ್ತಿಲ್ಲ ಎನ್ನುವುದನ್ನು ಅಷ್ಟು ನಿಶ್ಚಿಂತೆಯಿಂದ ಹೇಳುವವರನ್ನು ನಾನು ಅದೇ ಮೊದಲು ನೋಡಿದ್ದು. ನನ್ನ ಕಚೇರಿಯಲ್ಲಿ ಗೊತ್ತಿಲ್ಲ ಎನ್ನಬೇಕಾದಾಗ ನಾನು ಕೆಮ್ಮುತ್ತೇನೆ.

"ಇಷ್ಟು ಅವಸರದಾಗ ಯಾಕ್ರಿ ಕಲಿಯಾಕತ್ತೀರಿ?" ಎಂದು ಒಂದು ದಿನ ಸಾವಿತ್ರಕ್ಕ ಕೇಳಿದರು. ಅಕ್ಕೋರು ಪೆನ್ಸಿಲು ಹೆರೆಯುತ್ತಿದ್ದರು. ತಲೆ ಎತ್ತಲಿಲ್ಲ.

"ನಮ್ಮವ್ವನ ಚಿತ್ರ ತಗೀಬೇಕಾಗೇತ್ರಿ."

ಅವರಿಗೆ ಏಳು ವರ್ಷವಿದ್ದಾಗ ತಾಯಿ ತೀರಿಕೊಂಡಿದ್ದರು, ಅಳ್ನಾವರದಲ್ಲಿ. ಅಪ್ಪ ಛತ್ರಿ ಹಿಡಿದು ಸ್ಟುಡಿಯೋದಲ್ಲಿ ತೆಗೆಸಿಕೊಂಡ ಫೋಟೋ ಒಂದಿತ್ತು. ತಾಯಿಯದು ಒಂದೂ ಇರಲಿಲ್ಲ. "ಮೊದಲ ಕಣ್ಣು ಮುಚ್ಚಿದ್ರ ಸಾಕು, ಕಾಣ್ತಿದ್ಲು. ಆಮ್ಯಾಲೆ ನೆನಸಿದ್ರ ಕಾಣ್ತಿದ್ಲು. ಈಗ ಎಷ್ಟ ನೆನಸಿದ್ರೂ ಲೈನ್ ಹತ್ತವಲ್ದು. ಪೂರಾ ಹೋಗೂದ್ರಾಗ ಹಾಳಿ ಮ್ಯಾಲೆ ಇಳಿಸ್ಬೇಕು." ಅದಕ್ಕಾಗಿಯೇ ಕೆಲಸ ಬಿಟ್ಟದ್ದು. ಬರೆದದ್ದು ಸರಿಯೋ ತಪ್ಪೋ ಹೇಳಬಲ್ಲವರು ಈಗ ಅಳ್ನಾವರದಲ್ಲೇ ಇರುವ ಅವರ ಅಕ್ಕ ಒಬ್ಬರೇ. ಇವರಿಗಿಂತ ಏಳು ವರ್ಷಕ್ಕೆ ದೊಡ್ಡವರು. ಆದರೆ ಇವರು ತಾಯಿಯ ಮಾತೆತ್ತಿದರೆ ಸಾಕು, ಆ ಅಕ್ಕ "ಸತ್ತಾರ್ನ ಯಾಕ ಎಬ್ಬಸ್ತಿ" ಎಂದು ಎದ್ದು ಹೋಗುತ್ತಿದ್ದರಂತೆ. "ಆಕಿ ಬಾಯಿಂದ ಏನೂ ಬರಂಗಿಲ್ರಿ. ಆದ್ರ ಆಕಿ ನೋಡಿ 'ಹೌದು' ಅಂದ್ರ ಸಾಕು ನನಗ."

ಇಷ್ಟು ಹೇಳಿ ಅಕ್ಕೋರು ಪೆನ್ಸಿಲಿನ ಮೊನೆ ಊದಿ, "ಹಣಮಂತಾ, ನೀ ಯಾಕೋ ಸುಮ್ಮನ ಕುಂತಿ?" ಎಂದರು.

ಆಮೇಲೆ ನಮ್ಮ ಕ್ಲಾಸಿಗೊಂದು ಗಾಂಭೀರ್ಯ ಬಂತು ಎಂದು ಬರೆಯಬೇಕು, ಬರಲಿಲ್ಲ. ನಮ್ಮ ಕೈಗಳು ಹಾಗಿದ್ದವು. ಸಾವಿತ್ರಕ್ಕನದು ರಂಗೋಲಿಯ ಕೈ. ಬದನೆಕಾಯಿ ಇಟ್ಟರೂ ಮೊದಲು ಚುಕ್ಕಿ ಇಡುವರು, ಆಮೇಲೆ ಕೂಡಿಸುವರು. ಅವರ ಬದನೆಕಾಯಿಯ ಎಡಭಾಗವೂ ಬಲಭಾಗವೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಒಂದೇ ಸಮ. ನೋಡಿದರೆ ಕೈ ಮುಗಿಯಬೇಕು ಅನ್ನಿಸುವುದೇ ಹೊರತು ಪಲ್ಯ ಮಾಡಬೇಕು ಅನ್ನಿಸುತ್ತಿರಲಿಲ್ಲ. "ಸಾವಿತ್ರಕ್ಕಾ, ಇದನ್ನ ಬಾಗಲಾ ಮುಂದ ಹಾಕ್ರಿ, ಲಕ್ಷ್ಮಿ ಬರ್ತಾಳ," ಎನ್ನುವರು ಅಕ್ಕೋರು. "ಈಗ ಚುಕ್ಕಿ ಇಲ್ದ ಒಂದು ತಗೀರಿ." ಚುಕ್ಕಿ ಇಲ್ಲದ ಬಿಳಿ ಹಾಳೆ ಕಂಡರೆ ಸಾವಿತ್ರಕ್ಕನಿಗೆ ಕಟ್ಟೆಯಿಲ್ಲದ ಬಾವಿಯ ಹಾಗೆ ಅನ್ನಿಸುತ್ತಿತ್ತಂತೆ.

ನನ್ನ ಗೋಳು ಬೇರೆ. ಕೈ ಚಾಚಿ ಪೆನ್ಸಿಲು ಹಿಡಿದು, ಒಂದು ಕಣ್ಣು ಮುಚ್ಚಿ ವಸ್ತುಗಳ ಅಳತೆ ತೆಗೆದುಕೊಳ್ಳುವುದನ್ನು ಹೇಳಿಕೊಟ್ಟಿದ್ದರು. ಮನೆಪಾಠವೆಂದು ಕಚೇರಿಯಲ್ಲಿ ಅದನ್ನು ಮಾಡತೊಡಗಿದೆ. ಒಂದು ಮಧ್ಯಾಹ್ನ ಪೆನ್ಸಿಲು ಚಾಚಿ ನಮ್ಮ ಮ್ಯಾನೇಜರರ ಕಡೆಗೇ ಒಂದು ಕಣ್ಣು ಮುಚ್ಚಿದ್ದೇನೆ! "ದೇಸಾಯಬಾಬ, ದೊಳ್ಯಾಂಕ ಕಿತೆಂ ಜಾಲಾಂ?" ಎಂದು ಅವರು ಕಣ್ಣಿಗೇನಾಯಿತೆಂದು ಕನಿಕರದಿಂದ ವಿಚಾರಿಸಿ, ಅರ್ಧ ದಿನದ ರಜೆ ಕೊಟ್ಟು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು. ಹೋದೆ. ಹೋಗದಿದ್ದರೆ ನಾಳೆ ಕೇಳಿದಾಗ ಏನು ಹೇಳುವುದೆಂಬ ಚಿಂತೆಯಿತ್ತಲ್ಲ. ಚಷ್ಮಾದ ನಂಬರು ಬದಲಾಗಿತ್ತು.

ಹೀಗೆ ಕಪ್ಪು, ಕೊಡ, ಬದನೆಕಾಯಿ, ಬೆಳಕು, ನೆರಳು ದಾಟಿ ಮುಖಕ್ಕೆ ಬರುವ ಹೊತ್ತಿಗೆ ಮುಂದಿನ ಮಳೆಗಾಲ ಬಂದಿತ್ತು. ಮುಖದ ಪಾಠ ಅಕ್ಕೋರು ನಮಗೆ ಹೇಳಲಿಲ್ಲ. ಅದು ತಮಗಾಗಿ ಇಟ್ಟುಕೊಂಡದ್ದು. ಹಗಲೆಲ್ಲ ಕನ್ನಡಿ ಎದುರಿಟ್ಟುಕೊಂಡು ಮೂಗು, ಹುಬ್ಬು, ತುಟಿ ರೂಢಿ ಮಾಡಿದರು. ನಾಗರಪಂಚಮಿಗೆ ತವರಿಗೆ ಹೋಗುವಾಗ ತಾಯಿಯ ಮುಖದ ಚಿತ್ರ ಚೀಲದಲ್ಲಿತ್ತು. ನಮಗೆ ತೋರಿಸಿದ್ದರು. ಹಣೆತುಂಬ ಕುಂಕುಮದ ಗಂಭೀರ ಹೆಂಗಸು. ನಾವು ಮೂವರೂ "ಭಾಳ ಚಲೋ ಬಂದೈತಿ" ಎಂದೆವು. ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ನನಗೆ ಅನ್ನಿಸಿತು, ಹೇಳಲಿಲ್ಲ.

ಹಬ್ಬ ಮುಗಿಸಿ ಬಂದವರು ಕೂತ ಕೂಡಲೇ ನಗಲು ಸುರು ಮಾಡಿದರು. "ಅಕ್ಕ ಏನಂದ್ಲು ಗೊತ್ತೈತೇನು? 'ಇದು ನೀನ ಅಲ್ಲೇನ? ಕನ್ನಡಕ ತಗದು ಕುಂಕುಮ ಹಚ್ಕೊಂಡೀ ಅಷ್ಟ' ಅಂದ್ಲು." ಕನ್ನಡಿಯಲ್ಲಿ ಕಲಿತ ಮುಖ ಕೈಗೆ ಹತ್ತಿ, ತಾಯಿಯನ್ನು ಬರೆಯಹೋಗಿ ತಮ್ಮನ್ನೇ ಬರೆದುಕೊಂಡಿದ್ದರು. ಸಾವಿತ್ರಕ್ಕ ನಕ್ಕರು, ಹಣಮಂತ ನಕ್ಕ. ಅಕ್ಕೋರು ಅವರಿಗಿಂತ ಒಂದು ಗಳಿಗೆ ಹೆಚ್ಚೇ ನಕ್ಕರು. ಅದು ನನಗೆ ಸರಿ ಕಾಣಲಿಲ್ಲ. ಮುಂದಿನ ಐತವಾರ ಬಾಗಿಲಿಗೆ "ಪಾಠ ಇಲ್ಲ" ಎಂಬ ಚೀಟಿ. ಅದರ ಮುಂದಿನ ಐತವಾರವೂ ಅದೇ ಚೀಟಿ.

ಮೂರನೆಯ ವಾರ ನಾನೇ ಹೋದೆ. ಚೀಟಿ ಇರುವಾಗ ಬಾಗಿಲು ಬಡಿಯಬಹುದೋ ಇಲ್ಲವೋ ಎಂದು ನಿಂತೇ ಇದ್ದಾಗ ಅವರೇ ಕಿಟಕಿಯಿಂದ ಕಂಡು ಬಾಗಿಲು ತೆರೆದರು. ಅಕ್ಕಿ ಹಸನು ಮಾಡುತ್ತ ಕೂತಿದ್ದರು. ಚಿತ್ರದ ಹಾಳೆಗಳೆಲ್ಲ ರದ್ದಿಗೆ ಕಟ್ಟಿದ ಗಂಟಾಗಿ ಮೂಲೆಯಲ್ಲಿದ್ದವು.

"ಬಿಟ್ಟೆನ್ರಿ ದೇಸಾಯರ. ಮೊದಲ ಅರ್ಧಮರ್ಧ ಇತ್ತು. ಈಗ ಅವ್ವನ ನೆನಸಿದ್ರ ನನ್ನ ಮಾರೀನ ಬಂದು ನಿಂದರತೈತಿ. ಇದ್ದದ್ದನ್ನೂ ಅಳಿಸಿಕೊಂಡೆ."

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ; ನಾನು ಯಾವಾಗಲೂ ಹೇಳಿಸಿಕೊಳ್ಳುವ ಕಡೆಯವ. ಏನಾದರೂ ಮಾತಾಡಬೇಕಲ್ಲ ಎಂದು, ಅವರು ಪ್ರತಿ ಐತವಾರ ನಮ್ಮನ್ನು ಕೇಳುತ್ತಿದ್ದುದನ್ನೇ ಕೇಳಿದೆ.

"ನೀವು ಎಲ್ಲೆ ಕೂತಿದ್ರಿ ಅಕ್ಕೋರ?"

"ಯಾವಾಗ?"

"ನಿಮ್ಮ ತಾಯಿನ್ನ ನೋಡುವಾಗ."

ಅಕ್ಕಿಯ ಮೇಲಿನ ಕೈ ನಿಂತಿತು. "ಕುಂತಿರಲಿಲ್ರಿ. ಮಲಗಿರ್ತಿದ್ದೆ, ಕೌದಿಯೊಳಗ. ನಸುಕಿನ್ಯಾಗ ಅವ್ವ ಬೀಸುಕಲ್ಲಿಗೆ ಕುಂಡರತಿದ್ಲು."

"ನಿಮ್ಮ ಕಡೆ ಮುಖಾ ಮಾಡೇನು?"

"ಇಲ್ಲ. ಬೆನ್ನು." ಬೆರಳಿನಿಂದ ಹಿಂದೆ ಮುಂದೆ ತೋರಿಸುತ್ತ ಅಂದರು, "ತಲಿ ಬಾಚೂವಾಗ ನಾ ಮುಂದ, ಆಕಿ ಹಿಂದ. ಹೊಲಕ್ಕ ಹೋಗೂವಾಗ ಆಕಿ ಮುಂದ, ನಾ ಹಿಂದ." ನನ್ನ ಕಡೆ ನೋಡಿದರು. "ದೇಸಾಯರ, ನಾ ಅವ್ವನ ಮುಖ ನೋಡಿದ್ದ ಕಮ್ಮಿ ನೋಡ್ರಿ."

ಸತ್ಯಾನಾಶ ಮಾಡಿದೆ ಅಂದುಕೊಂಡೆ. ಅಳಿದುಳಿದದ್ದನ್ನೂ ನಾನು ಕಸಿದುಕೊಂಡೆನಲ್ಲ ಎಂದು ನಾನು ಚಿಂತೆಗೆ ಬಿದ್ದರೆ, ಅಕ್ಕೋರು ಅಕ್ಕಿಯ ಮೊರವನ್ನು ಬದಿಗೆ ಸರಿಸಿ, ಕೈಯ ಹೊಟ್ಟು ಝಾಡಿಸಿ ಎದ್ದರು. "ಐತವಾರ ಬರ್ರಿ. ಸಾವಿತ್ರಕ್ಕಗ ಹೇಳ್ರಿ, ಹಳೇ ಸೀರಿ ಉಟ್ಕೊಂಡು ಬರಾಕ."

ಆ ಐತವಾರ ಸಾವಿತ್ರಕ್ಕ ನಮಗೆಲ್ಲ ಬೆನ್ನು ಮಾಡಿ ನೆಲಕ್ಕೆ ಕೂತರು. ವಾಸ್ಕೋದ ಫ್ಲಾಟಿನಲ್ಲಿ ಬೀಸುಕಲ್ಲು ಎಲ್ಲಿಂದ ತರುವುದು? ಕುಕ್ಕರು ಬೋರಲು ಹಾಕಿ, ಅದರ ಮೇಲೆ ಲಟ್ಟಣಿಗೆ ನಿಲ್ಲಿಸಿಕೊಂಡು ತಿರುವಿದರು. "ನನ್ನ ಬೆನ್ನಿಗೆ ಇಷ್ಟು ಬೆಲೆ ಬಂದದ್ದು ಇವತ್ತ ನೋಡ್ರಿ. ನಮ್ಮ ಮನಿಯವರು ಒಮ್ಮೆನೂ ಹಿಂಗ ನೋಡಿಲ್ಲ," ಎಂದರು. ಬಲಗೈ ಮುಂದೆ ಹೋದಾಗ ಬಲಭುಜ ಇಳಿಯುತ್ತದೆ, ಎಡಭುಜ ಏಳುತ್ತದೆ, ಸೀರೆಯ ನೆರಿಗೆ ಅತ್ತ ಎಳೆಯುತ್ತದೆ. ಬೆನ್ನಿನ ಎರಡು ಭಾಗ ಎಂದೂ ಒಂದೇ ಸಮ ಇರುವುದಿಲ್ಲ. ನಾವೂ ಬರೆದೆವು. ನನ್ನದು ಕಂಬಳಿ ಹೊದ್ದ ಟ್ರಂಕಿನ ಹಾಗಿತ್ತು. ಅಕ್ಕೋರು ಬರೆದು, ನೋಡಿ, "ಇದು ಸಾವಿತ್ರಕ್ಕನ ಬೆನ್ನು. ಅವ್ವ ಇಷ್ಟು ಉಂಡಾಕಿ ಅಲ್ಲ" ಎಂದು ಹಾಳೆ ಬದಿಗಿಟ್ಟರು. ಹೀಗೆ ಎಷ್ಟೋ ಐತವಾರ. ದಿನದಿಂದ ದಿನಕ್ಕೆ ಹಾಳೆಯ ಮೇಲಿನ ಬೆನ್ನು ಸಣ್ಣದಾಗುತ್ತ, ತುರುಬು ಸಡಿಲವಾಗುತ್ತ, ಕುತ್ತಿಗೆ ಒಂದು ಕಡೆ ವಾಲುತ್ತ ಬಂತು. ದೀಪಾವಳಿ ಕಳೆದ ಮೇಲೆ ಒಂದು ದಿನ ಅವರು ಸಾವಿತ್ರಕ್ಕನ ಕಡೆ ನೋಡುವುದನ್ನು ಬಿಟ್ಟರು. ಬರೀ ಹಾಳೆ ನೋಡುತ್ತ ಬರೆದರು.

ಅದೇ ಹೊತ್ತಿಗೆ ನನಗೆ ತಂಗಿಯ ಮಗನ ಮುಂಜಿಗೆ ಧಾರವಾಡಕ್ಕೆ ಹೋಗುವುದಿತ್ತು. ಅಳ್ನಾವರ ದಾರಿಯಲ್ಲೇ. ಅಕ್ಕೋರು ನೀರಿನ ಪೈಪಿನ ತುಂಡಿನಲ್ಲಿ ಚಿತ್ರ ಸುತ್ತಿಟ್ಟು, ಎರಡೂ ಕಡೆ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟರು.

"ನೀವ ಬರ್ರಲ್ಲ ಅಕ್ಕೋರ," ಎಂದೆ.

"ನಾ ಎದುರಿಗೆ ಕುಂತ್ರ ಅಕ್ಕ ಹಾಳಿ ನೋಡಂಗಿಲ್ಲ, ನನ್ನ ಮಾರಿ ನೋಡಿ ಹೇಳ್ತಾಳ. ನೀವು ಪರಕೀಯರು. ಖರೇ ಹೇಳ್ತಾಳ. ಏನ ಹೇಳಲಿ, ಹಂಗಿಂದ ಹಂಗ ನನಗ ಹೇಳ್ರಿ. ಒಂದು ಶಬ್ದ ಕೂಡಸಬ್ಯಾಡ್ರಿ."

ಮೊಲೆಂ ದಾಟಿ ಘಟ್ಟ ಹತ್ತುವಾಗ ಪೈಪು ನನ್ನ ತೊಡೆಯ ಮೇಲಿತ್ತು. ಗಡಿಯ ತಪಾಸಣೆ ನಾಕೆಯಲ್ಲಿ ಬಸ್ಸು ನಿಂತಿತು. ಗೋವಾದಿಂದ ಹೋಗುವ ಬಸ್ಸಿನಲ್ಲಿ ಸೆರೆಯ ಬಾಟಲಿ ಹುಡುಕುವುದು ಅಲ್ಲಿಯವರ ನಿತ್ಯದ ಕೆಲಸ, ನನ್ನ ಮುಖವಂತೂ ಯಾವ ಅಪರಾಧವನ್ನೂ ಮಾಡದೆಯೇ ಒಪ್ಪಿಕೊಂಡಂತಿರುತ್ತದೆ. ಅಬಕಾರಿಯ ಒಬ್ಬ ಜವಾನ ನೇರ ನನ್ನ ಹತ್ತಿರವೇ ಬಂದ.

"ಏನ್ರೀ ಪೈಪಿನ್ಯಾಗ? ಎಷ್ಟು ಹಿಡಿಸೈತಿ?"

"ಚಿತ್ರ ರೀ."

"ಹಾಂ, ಎಲ್ಲಾರೂ ಏನೋ ಒಂದು ಅಂತಾರ. ತಗೀರಿ."

ಡ್ರೈವರನ ಪಕ್ಕದ ಬಾನೆಟ್ಟಿನ ಮೇಲೆ ಬಿಚ್ಚಿ ಹಿಡಿದೆ. ಬೆನ್ನು ಮಾಡಿ ಕೂತ ಹೆಂಗಸು, ಬೀಸುಕಲ್ಲು, ಗೂಟ ಹಿಡಿದ ಕೈ. ಅದೇ ಗೂಟದ ಮೇಲೆ, ಆಚೆ ಕಡೆಯಿಂದ ಬಂದ ಇನ್ನೊಂದು ಸಣ್ಣ ಕೈಯೂ ಇತ್ತು. ಅದರ ಒಡೆಯರು ಬೆನ್ನಿನ ಮರೆಯಲ್ಲಿದ್ದರು. ಜವಾನ ಬಗ್ಗಿ ನೋಡಿದ. ಹಿಂದಿನ ಸೀಟಿನವರೂ ಎದ್ದು ನಿಂತರು.

"ಮುಖಾನ ಇಲ್ಲಲ್ರಿ. ಇನ್ನಾ ಪೂರಾ ಆಗಿಲ್ಲೇನು?"

ನಾನು ಬಾಯಿ ತೆರೆಯುವ ಮೊದಲೇ ಕಂಡಕ್ಟರ್ ಅಂದ: "ಹೆಣ್ಮಗಳು ಕೆಲಸದಾಗ ಅದಾಳ್ರಿ ಸಾಹೇಬ್ರ. ನಿಮ್ಮ ಕಡೆ ತಿರುಗಿ ನೋಡಾಕ ಯಾಳೆ ಎಲ್ಲೈತಿ ಆಕಿಗೆ? ಬಿಡ್ರಿ, ಬಸ್ ಲೇಟ್ ಆಗಾಕತ್ತೈತಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮುಖಾನ ಇಲ್ಲಲ್ರಿ ಎಂಬ ಮಾತು ಅಳ್ನಾವರದವರೆಗೂ ಜೊತೆಗೆ ಬಂತು. ಆ ಅಕ್ಕನೂ ಇದನ್ನೇ ಅಂದರೆ? ಹಂಗಿಂದ ಹಂಗ ಹೇಳಬೇಕಲ್ಲ.

ಅಕ್ಕನ ಮನೆ ಸ್ಟೇಶನ್ನಿನ ಹಿಂದೆ. ದಪ್ಪ ಕನ್ನಡಕದ ಒಣಕಲು ಮುದುಕಿ. ತಂಗಿಯ ಹೆಸರು ಹೇಳಿದ್ದೇ, "ಮತ್ತ ತನ್ನ ಮಾರೀನ ಕಳಿಸ್ಯಾಳೇನು?" ಎಂದರು. ನಾನು ಹೊರಸಿನ ಮೇಲೆ ಚಿತ್ರ ಹಾಸಿ, ಸುರುಳಿಯಾಗದಂತೆ ಎರಡೂ ತುದಿ ಒತ್ತಿ ಹಿಡಿದೆ.

ಅವರು ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. ಹೊರಗೆ ಗೂಡ್ಸು ಗಾಡಿಯೊಂದು ಹೋಗುತ್ತಲೇ ಇತ್ತು. ಆಮೇಲೆ ನನ್ನ ಕೈಯನ್ನು ಬದಿಗೆ ಸರಿಸಿ, ಹಾಳೆಯ ಅಂಚು ಹಿಡಿದು, ಅದನ್ನು ತಿರುವಿ ಹಾಕಿದರು.

ಆ ಕಡೆ ಏನಿದ್ದೀತು? ಬಿಳಿ ಹಾಳೆ. ಅದನ್ನು ಒಂದು ಕ್ಷಣ ದಿಟ್ಟಿಸಿದರು, ಆಮೇಲೆ ತಾವು ಮಾಡಿದ್ದು ತಮಗೇ ತಿಳಿದು, ಬೊಚ್ಚು ಬಾಯಿ ತೆರೆದು ನಕ್ಕರು. ನಗುವಾಗಲೇ ಕಣ್ಣು ತುಂಬಿದವು. "ಹುಚ್ಚಿ ನಾನು. ಮುಖ ಆ ಕಡೆ ಇರ್ತೈತಿ ಅಂದ್ಕೊಂಡೆ."

ಮತ್ತೆ ಹಾಳೆ ಸರಿಯಾಗಿ ಹಾಸಿ, ಗೂಟದ ಮೇಲಿನ ಆ ಸಣ್ಣ ಕೈಯ ಮೇಲೆ ಬೆರಳಿಟ್ಟರು. "ಇದು ನಂದು. ಅವ್ವನ ಎದುರಿಗೆ ಕುಂತು ನಾ ಬೀಸತಿದ್ದೆ. ತಂಗಿ ಅಲ್ಲಿ ಹಿಂದ, ಕೌದಿಯಾಗ ಅರ್ಧ ಕಣ್ಣು ಬಿಟ್ಕೊಂಡು ಬಿದ್ದಿರತಿದ್ಲು, ನಿದ್ದಿ ಬಂದಾರಂಗ." ಬೆರಳನ್ನು ಬೆನ್ನಿನ ಮೇಲೆ ಸರಿಸಿ ಹೇಳಿದರು, "ಬೆನ್ನು ಆಕಿ ಪಾಲಿಗೆ ಬಂದಿತ್ತು. ಮುಖ ನನ್ನ ಕಡೆ ಐತಿ. ಆಕಿಗೆ ಬರಾಕ ಹೇಳ್ರಿ. ನಾ ಹೇಳ್ತೇನಿ, ಆಕಿ ತಗೀಲಿ."

ಸ್ಟೇಶನ್ ಎದುರಿನ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದೆ. ಆದದ್ದನ್ನು ಆದ ಹಾಗೆ ಹೇಳಿದೆ: ಕನ್ನಡಕ ಒರೆಸಿದ್ದು, ಹಾಳೆ ತಿರುವಿದ್ದು, ಬೆರಳಿಟ್ಟದ್ದು, ಕೊನೆಯ ಮಾತು. ಒಂದು ಶಬ್ದ ಕೂಡಿಸಲಿಲ್ಲ. ಲೈನ್ ಕಟ್ಟಾಯಿತೇನೋ ಎಂದು "ಹಲೋ, ಹಲೋ" ಎಂದೆ.

"ಲೈನಿನ್ಯಾಗ ಅದೀನ್ರಿ," ಎಂದರು ಅಕ್ಕೋರು. "ದೇಸಾಯರ, ಅಳ್ನಾವರದಾಗ ದಪ್ಪ ಹಾಳಿ ಸಿಗತಾವೇನ್ರಿ? ಇಲ್ಲಾ ಇಲ್ಲಿಂದನ ತರ್ಲೇನು?"

ನನಗೆ ಗೊತ್ತಿರಲಿಲ್ಲ. ಕೆಮ್ಮಲಿಲ್ಲ.

"ಗೊತ್ತಿಲ್ರಿ ಅಕ್ಕೋರ," ಎಂದೆ. "ಅಲ್ಲಿಂದನ ತರ್ರಿ. ಸ್ವಲ್ಪ ಜಾಸ್ತೀನ ತರ್ರಿ."